ಬಂಗಾರಪೇಟೆಗೆ ಸಮುದ್ರದ ಕ್ಲಿಪ್ಪು ಯಾತಕ್ಕೆ?

ಹೋದ ಬೇಸಿಗೆಯಲ್ಲಿ ಬಂಗಾರಪೇಟೆಯ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ನಲ್ಲಿ ವಾಷರಿಗಾಗಿ ಕಾಯುತ್ತಿದ್ದೆ. ಪಕ್ಕದಲ್ಲಿದ್ದ ರೈತರೊಬ್ಬರು ಜೇಬಿನಿಂದ ಹಳೆಯ ಹೋಸ್ ಕ್ಲಿಪ್ಪೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಪೈಪನ್ನು ಸುತ್ತಿ ಹಿಡಿಯುವ ಪಟ್ಟಿ ಇನ್ನೂ ಹೊಳೆಯುತ್ತಿತ್ತು. ಅದನ್ನು ಬಿಗಿಯುವ ಸ್ಕ್ರೂ ಮಾತ್ರ ಕೆಂಪು ಹಿಟ್ಟಾಗಿ ಉದುರುತ್ತಿತ್ತು. ಅಂಗಡಿಯವನು ಒಳಗಿನಿಂದ ಹೊಸ ಡಬ್ಬಿಯೊಂದನ್ನು ತಂದ. ಅದರ ಮೇಲೆ ದೊಡ್ಡದಾಗಿ ‘ಮೆರೈನ್ ಗ್ರೇಡ್’ ಎಂದು ಅಚ್ಚಾಗಿತ್ತು.

‘ಅಂದ್ರೆ?’

‘ಸಮುದ್ರದಾಗೆ ಹಾಕೋದು ಗೌಡ್ರೇ. ತುಕ್ಕು ಹಿಡಿಯೋ ಮಾತೇ ಇಲ್ಲ.’

ರೈತರು ನಕ್ಕರು. ‘ಸಾವಿರದಿನ್ನೂರು ಅಡಿ ಬೋರು ಕೊರೆಸಿದ್ರೂ ತೇವ ಸಿಗದ ಊರಪ್ಪಾ ನಮ್ದು. ಸಮುದ್ರದ ಕ್ಲಿಪ್ಪು ಯಾತಕ್ಕೆ?’

ಅಂಗಡಿಯಲ್ಲಿದ್ದವರೆಲ್ಲ ನಕ್ಕೆವು. ಮನೆಗೆ ಬರುವ ದಾರಿಯಲ್ಲಿ ಮಾತ್ರ ಆ ಪ್ರಶ್ನೆ ನಗುವ ಪ್ರಶ್ನೆಯಲ್ಲ ಅನ್ನಿಸಿತು. ಹತ್ತಿರದ ಕಡಲೂ ಇಲ್ಲಿಂದ 200 ಕಿಲೋಮೀಟರಿಗಿಂತ ದೂರ. ಅಷ್ಟು ದೂರದಲ್ಲೂ ಕಬ್ಬಿಣ ತುಕ್ಕು ಹಿಡಿಯುವ ರೀತಿಯಲ್ಲಿ ಸಮುದ್ರದ ಗುಣ ಇದೆ. ಯಾಕೆಂದರೆ ಲೋಹವನ್ನು ತಿನ್ನುವುದು ಅಲೆಯಲ್ಲ. ಉಪ್ಪು, ನೀರು, ಗಾಳಿ ಈ ಮೂರೂ ಒಂದೇ ಜಾಗದಲ್ಲಿ ಸೇರಿದರೆ ಸಾಕು. ಅವು ಮಲ್ಪೆಯ ಬಂದರಿನಲ್ಲೂ ಸೇರುತ್ತವೆ, ಬೋರ್‌ವೆಲ್ಲಿನ ಬಾಯಲ್ಲೂ ಸೇರುತ್ತವೆ.

ಕೆಜಿಎಫ್‌ನ ಹಳಬರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ಚಿನ್ನದ ಗಣಿಯ ಊರು ಸಮುದ್ರಮಟ್ಟಕ್ಕಿಂತ ಸುಮಾರು 850 ಮೀಟರ್ ಎತ್ತರದಲ್ಲಿದೆ. ಅದರ ಚಾಂಪಿಯನ್ ರೀಫ್ ಗಣಿ ಇಳಿದದ್ದು 3 ಕಿಲೋಮೀಟರಿಗೂ ಆಳಕ್ಕೆ. ಲೆಕ್ಕ ಹಾಕಿದರೆ, ಅಲ್ಲಿ ದುಡಿದವರು ದಿನಾ ಬೆಳಿಗ್ಗೆ ಸಮುದ್ರಮಟ್ಟದಿಂದ 2 ಕಿಲೋಮೀಟರಿಗೂ ಕೆಳಗೆ ಇಳಿದು, ಸಂಜೆ ಮೇಲೆ ಬರುತ್ತಿದ್ದರು. ಆ ಆಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಧೂಳು ಅಡಗಿಸಲು ಬಿಟ್ಟ ನೀರು, ಬಂಡೆಯಿಂದ ಜಿನುಗುವ ನೀರು, ಬೆವರು, ಹಬೆ. 1902ರಲ್ಲಿ ಶಿವನಸಮುದ್ರದಿಂದ 147 ಕಿಲೋಮೀಟರ್ ತಂತಿ ಎಳೆದು ಗಣಿಗೆ ವಿದ್ಯುತ್ ತಂದರು. ಬಯಲಿನಲ್ಲಿ ಆ ತಂತಿಗೆ ಒಣಗಾಳಿಯ ಆಸರೆ ಇತ್ತು. ಶಾಫ್ಟಿನೊಳಗೆ ಇಳಿದ ಕೇಬಲ್ಲಿಗೆ, ನೀರಿನ ಪೈಪಿಗೆ, ಗಾಳಿಯ ಹೋಸಿಗೆ ಆ ಆಸರೆ ಇರಲಿಲ್ಲ.

ನೆಟ್ಟಗೆ ಇಳಿಬಿಟ್ಟ ಕೇಬಲ್ಲು ತನ್ನ ಭಾರವನ್ನು ತಾನೇ ಬಹಳ ದೂರ ಹೊರಲಾರದು. ಇಷ್ಟಿಷ್ಟು ಅಡಿಗೊಮ್ಮೆ ಅದನ್ನು ಕಚ್ಚಿ ಹಿಡಿಯಲೇಬೇಕು. ಒಂದು ಹಿಡಿತ ತುಕ್ಕು ತಿಂದು ಬಿಟ್ಟರೆ ಅದರ ಪಾಲಿನ ಭಾರ ಕೆಳಗಿನ, ಮೇಲಿನ ಹಿಡಿತಗಳ ಮೇಲೆ ಬೀಳುತ್ತದೆ. ಸಾಲಿನಲ್ಲಿ ನಿಂತವರಲ್ಲಿ ಒಬ್ಬ ಹಗ್ಗ ಬಿಟ್ಟ ಹಾಗೆ. ಕ್ಲಿಪ್ಪಿನ ಕೆಲಸ ಚಿಕ್ಕದು, ಅದು ಬಿಟ್ಟುಕೊಟ್ಟಾಗ ಆಗುವ ಕೆಡುಕು ಚಿಕ್ಕದಲ್ಲ.

ಈಗ ಆ ‘ತುಕ್ಕೇ ಹಿಡಿಯದ’ ಉಕ್ಕಿನ ಒಳಗುಟ್ಟು ನೋಡೋಣ. ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯದ ಲೋಹವಲ್ಲ. ಬೇಗ ಹಿಡಿದು ಅಲ್ಲಿಗೇ ನಿಲ್ಲುವ ಲೋಹ. ಅದರಲ್ಲಿ ಶೇ 10.5ಕ್ಕಿಂತ ಹೆಚ್ಚು ಕ್ರೋಮಿಯಂ ಇರುತ್ತದೆ. ಗಾಳಿ ತಾಗಿದೊಡನೆ ಕ್ರೋಮಿಯಂ ಆಮ್ಲಜನಕವನ್ನು ಸೇರಿಕೊಂಡು ಮೈಮೇಲೆ ಒಂದು ಪೊರೆ ಕಟ್ಟುತ್ತದೆ. ತಲೆಗೂದಲಿನ ದಪ್ಪದಲ್ಲಿ ಹತ್ತು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿಗಿಂತಲೂ ತೆಳುವಾದ ಪೊರೆ ಅದು. ಗೀಚಿದರೆ ಹರಿಯುತ್ತದೆ, ಗಾಳಿ ಸಿಕ್ಕರೆ ಮತ್ತೆ ತಾನೇ ಕಟ್ಟಿಕೊಳ್ಳುತ್ತದೆ. ಈ ಪೊರೆಯ ಹಗೆ ಕ್ಲೋರೈಡ್, ಅಂದರೆ ಅಡುಗೆ ಉಪ್ಪಿನ ಅರ್ಧಭಾಗ. ಅದು ಪೊರೆಯಲ್ಲಿ ಸೂಜಿಮೊನೆಯಷ್ಟು ತೂತು ಮಾಡುತ್ತದೆ. ತೂತಿನೊಳಗೆ ನೀರು ಹುಳಿಯಾಗುತ್ತದೆ, ಹುಳಿ ನೀರು ಇನ್ನಷ್ಟು ಕ್ಲೋರೈಡನ್ನು ಎಳೆದುಕೊಳ್ಳುತ್ತದೆ. ಮೇಲೆ ಚುಕ್ಕೆ, ಒಳಗೆ ಗುಳಿ. ಹುಳುಕು ಹಲ್ಲಿನ ದಾರಿಯೇ ಇದು.

ಪೇಟೆಯಲ್ಲಿ ಸಿಗುವ ಒಳ್ಳೆಯ ಎಸ್‌ಎಸ್ ಎರಡು ಬಗೆ. 304 ಎಂಬುದರಲ್ಲಿ ಸುಮಾರು ಶೇ 18 ಕ್ರೋಮಿಯಂ, ಶೇ 8 ನಿಕಲ್. 316ರಲ್ಲಿ ಇವುಗಳ ಜತೆಗೆ ಶೇ 2ರಿಂದ 3 ಮಾಲಿಬ್ಡಿನಂ. ‘ಮೆರೈನ್ ಗ್ರೇಡ್’ ಅನ್ನುವುದು ಈ ಎರಡನೆಯದನ್ನು. ಗುಳಿ ಬೀಳುವುದನ್ನು ತಡೆಯುವುದರಲ್ಲಿ ಆ ಚಿಟಿಕೆ ಮಾಲಿಬ್ಡಿನಂ ಪಾತ್ರ ದೊಡ್ಡದು. ಎಂಜಿನಿಯರುಗಳು ಹಿಡಿಯುವ ಸ್ಥೂಲ ಲೆಕ್ಕ ಹೀಗಿದೆ: ಸಾಮಾನ್ಯ ಉಷ್ಣತೆಯಲ್ಲಿ, ಲೀಟರಿಗೆ 200 ಮಿಲಿಗ್ರಾಂವರೆಗೆ ಕ್ಲೋರೈಡ್ ಇರುವ ನೀರಿಗೆ 304 ಸಾಕು. 1,000 ಮಿಲಿಗ್ರಾಂವರೆಗೆ 316 ಬೇಕು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 19,000 ಮಿಲಿಗ್ರಾಂ ಕ್ಲೋರೈಡ್ ಇದೆ. ಅಂದರೆ ಮೆರೈನ್ ಗ್ರೇಡ್ ಎಂಬ ಹೆಸರು ಹೊತ್ತ 316 ಕೂಡ ಸಮುದ್ರದಲ್ಲಿ ಮುಳುಗಿಯೇ ಇದ್ದರೆ ಅಜರಾಮರವಲ್ಲ. ದೋಣಿಯ ಮೇಲ್ಭಾಗದಲ್ಲಿ, ಆಗಾಗ ಸಿಹಿನೀರಿನಲ್ಲಿ ತೊಳೆಯುವ ಕಡೆ, ಅದು ಚೆನ್ನಾಗಿ ಬಾಳುತ್ತದೆ.

ನಮ್ಮ ಬೋರಿನ ನೀರು ಈ ಏಣಿಯ ಯಾವ ಮೆಟ್ಟಿಲಲ್ಲಿದೆ? ಕೋಲಾರದ ನೀರು ಅಂದೊಡನೆ ನಾವು ಫ್ಲೋರೈಡ್ ಮಾತಾಡುತ್ತೇವೆ. ಅದು ಹಲ್ಲಿಗೂ ಮೂಳೆಗೂ ಸಂಬಂಧಿಸಿದ ಸಂಕಟ, ನಿಜವಾದ ಸಂಕಟ. ಕ್ಲಿಪ್ಪಿನ ಮಟ್ಟಿಗೆ ನೋಡಬೇಕಾದ ಅಂಕಿ ಬೇರೆ. ನೀರಿನ ಪರೀಕ್ಷೆಯ ಅದೇ ಹಾಳೆಯಲ್ಲಿ ‘ಕ್ಲೋರೈಡ್’ ಎಂಬ ಇನ್ನೊಂದು ಸಾಲಿರುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಮಿತಿ 250 ಮಿಲಿಗ್ರಾಂ, ಬೇರೆ ದಾರಿಯೇ ಇಲ್ಲದಿದ್ದರೆ 1,000. ಮನುಷ್ಯ ಕುಡಿಯಬಹುದು ಎಂದು ಮಾನಕ ಒಪ್ಪುವ ನೀರೇ 304 ಕ್ಲಿಪ್ಪಿನ ಮಿತಿಯನ್ನು ದಾಟಿರಬಹುದು ಎಂದಾಯಿತು.

ಇದು ಪೈಪಿನೊಳಗಿನ ಲೆಕ್ಕ. ಕ್ಲಿಪ್ಪು ಇರುವುದು ಪೈಪಿನ ಹೊರಗೆ. ಅಲ್ಲೇ ಬಯಲುಸೀಮೆಯ ಬಿಸಿಲು ತನ್ನ ಆಟ ಹೂಡುತ್ತದೆ. ಹೋಸಿನ ಅಂಚಿನಿಂದ ಒಂದು ಹನಿ ಜಿನುಗುತ್ತದೆ, ಮಧ್ಯಾಹ್ನದೊಳಗೆ ಆರುತ್ತದೆ. ನೀರು ಹೋಯಿತು, ಉಪ್ಪು ಉಳಿಯಿತು. ನಾಳೆ ಇನ್ನೊಂದು ಹನಿ, ಅದರ ಉಪ್ಪು ನೆನ್ನೆಯದರ ಮೇಲೆ. ಮೂರು ತಿಂಗಳಲ್ಲಿ ಕ್ಲಿಪ್ಪಿನ ಸುತ್ತ ಬೂದಿ ಬಣ್ಣದ ಚಕ್ಕೆ ಕಟ್ಟುತ್ತದೆ. ಇದು ಮಳೆನೀರಾಗಲಿ ಕೆರೆನೀರಾಗಲಿ ಅಲ್ಲ, ನೀರು ಆವಿಯಾಗಿ ಉಳಿದ ಉಪ್ಪು. ಕ್ಲಿಪ್ಪಿನ ಪಟ್ಟಿ ಮತ್ತು ರಬ್ಬರಿನ ಸಂದಿಯಲ್ಲಿ ಅದು ಸೇರಿಕೊಂಡರೆ ಅಲ್ಲಿ ಗಾಳಿಯೂ ಆಡುವುದಿಲ್ಲ, ಹರಿದ ಪೊರೆ ಮತ್ತೆ ಕಟ್ಟುವುದೂ ಇಲ್ಲ. ಹಡಗು ಕಟ್ಟುವವರು ನೀರಿನಡಿಯ ಭಾಗಕ್ಕಿಂತ ಅಲೆ ಬಡಿದು ಒಣಗುವ ಪಟ್ಟಿಗೆ ಹೆಚ್ಚು ಹೆದರುವುದಕ್ಕೆ ಹೀಗೆ ಉಪ್ಪು ಕೂಡುತ್ತ ಹೋಗುವುದೂ ಒಂದು ಕಾರಣ. ಬಂಗಾರಪೇಟೆಯ ತೋಟದಲ್ಲಿ ಸೋರುವ ಕ್ಲಿಪ್ಪು ತನ್ನ ಸಮುದ್ರವನ್ನು ತಾನೇ ಮಾಡಿಕೊಳ್ಳುತ್ತದೆ.

ಈಗ ಆ ರೈತರ ಕ್ಲಿಪ್ಪಿಗೆ ಬರೋಣ. ಪಟ್ಟಿ ಹೊಳೆಯುತ್ತಿದ್ದು ಸ್ಕ್ರೂ ಮಾತ್ರ ಯಾಕೆ ಹಿಟ್ಟಾಯಿತು? ಸ್ಕ್ರೂ ತಿರುವಿದರೆ ಪಟ್ಟಿ ಬಿಗಿಯಾಗುವ ಈ ಕ್ಲಿಪ್ಪಿಗೆ ಬ್ರಿಟಿಷ್ ನೌಕಾಪಡೆಯಲ್ಲಿದ್ದ ಲಮ್ಲಿ ರಾಬಿನ್ಸನ್ 1921ರಲ್ಲಿ ಪೇಟೆಂಟ್ ಪಡೆದ. ಅವನು ಇಟ್ಟ ‘ಜುಬಿಲಿ’ ಹೆಸರು ಇಂದಿಗೂ ನಮ್ಮ ಮೆಕ್ಯಾನಿಕ್ಕುಗಳ ಬಾಯಲ್ಲಿದೆ. ಈ ಕ್ಲಿಪ್ಪಿನಲ್ಲಿ ಮೂರು ಭಾಗ: ಪಟ್ಟಿ, ಸ್ಕ್ರೂವಿನ ಗೂಡು, ಸ್ಕ್ರೂ. ಮೂರೂ ಒಂದೇ ಲೋಹದ್ದಾಗಿರಬೇಕೆಂದೇನಿಲ್ಲ. ಇದನ್ನು ತಿಳಿಸಲು ಜರ್ಮನ್ ಮಾನಕವೊಂದರ ಗುರುತು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಡಬ್ಲ್ಯೂ-1 ಅಂದರೆ ಎಲ್ಲವೂ ಸತು ಲೇಪಿಸಿದ ಸಾದಾ ಉಕ್ಕು. ಡಬ್ಲ್ಯೂ-2 ಅಂದರೆ ಪಟ್ಟಿ ಸ್ಟೇನ್‌ಲೆಸ್, ಸ್ಕ್ರೂ ಸಾದಾ. ಡಬ್ಲ್ಯೂ-3 ಅಂದರೆ ಎಲ್ಲವೂ ಕ್ರೋಮಿಯಂ ಮಾತ್ರ ಇರುವ ಅಗ್ಗದ ಸ್ಟೇನ್‌ಲೆಸ್. ಡಬ್ಲ್ಯೂ-4 ಎಲ್ಲವೂ 304ರ ಜಾತಿ, ಡಬ್ಲ್ಯೂ-5 ಎಲ್ಲವೂ 316. ಗೌಡರ ಜೇಬಿನಲ್ಲಿದ್ದದ್ದು ಡಬ್ಲ್ಯೂ-2. ‘ಎಸ್‌ಎಸ್ ಕ್ಲಿಪ್ಪು’ ಎಂದು ಮಾರಿದವರು ಸುಳ್ಳು ಹೇಳಿರಲಿಲ್ಲ, ಮುಕ್ಕಾಲು ನಿಜ ಹೇಳಿದ್ದರು. ಬೋಲ್ಟು, ನಟ್ಟುಗಳ ಮೇಲೆ ಇದೇ ಬಗೆಯಲ್ಲಿ ಎ-2 ಎಂದಿದ್ದರೆ 304, ಎ-4 ಎಂದಿದ್ದರೆ 316.

ಬೇರೆ ಬೇರೆ ಲೋಹಗಳು ಒದ್ದೆಯಲ್ಲಿ ಮೈಗೆ ಮೈ ತಾಗಿಸಿಕೊಂಡು ಕೂತರೆ ಆಗುವ ಅನಾಹುತ ಹಳೆಯ ಕಥೆ. 1761ರಲ್ಲಿ ಬ್ರಿಟಿಷರು ‘ಅಲಾರ್ಮ್’ ಎಂಬ ಯುದ್ಧನೌಕೆಯ ಅಡಿಗೆ ತಾಮ್ರದ ತಗಡು ಹೊದಿಸಿದರು, ಮರಕೊರೆಯುವ ಹುಳುವಿನಿಂದ ಕಾಪಾಡಲು. ಎರಡು ವರ್ಷದ ನಂತರ ನೋಡಿದರೆ ತಗಡಿಗೆ ಹೊಡೆದಿದ್ದ ಕಬ್ಬಿಣದ ಮೊಳೆಗಳು ಕರಗಿದ್ದವು. ಕೆಲವು ಮೊಳೆಗಳು ಮಾತ್ರ ಗಟ್ಟಿಯಾಗಿದ್ದವು. ತಗಡು ಸುತ್ತಿ ಬಂದಿದ್ದ ಕಂದು ಕಾಗದದ ಚೂರುಗಳು ಆ ಮೊಳೆ ಮತ್ತು ತಾಮ್ರದ ನಡುವೆ ಸಿಕ್ಕಿಕೊಂಡು ತಡೆಯಾಗಿದ್ದವು. ಉಪ್ಪುನೀರಿನಲ್ಲಿ ಎರಡು ಲೋಹ ಸೇರಿದರೆ ಅದೊಂದು ಬ್ಯಾಟರಿ. ಅದರಲ್ಲಿ ಒಂದು ಲೋಹ ಇನ್ನೊಂದಕ್ಕಾಗಿ ಕರಗುತ್ತದೆ. ಕರಗುವ ಲೋಹ ಚಿಕ್ಕದಾಗಿದ್ದು, ಉಳಿಯುವುದು ದೊಡ್ಡದಾಗಿದ್ದರೆ ಕೆಲಸ ಬೇಗ ಮುಗಿಯುತ್ತದೆ. ಅಗಲ ಸ್ಟೇನ್‌ಲೆಸ್ ಪಟ್ಟಿಗೆ ಪುಟ್ಟ ಸಾದಾ ಸ್ಕ್ರೂ ಹಾಕುವುದು ಅಲಾರ್ಮ್ ಹಡಗಿನ ತಪ್ಪನ್ನೇ ಮತ್ತೆ ಮಾಡಿದಂತೆ. ಕೇಬಲ್ಲಿಗೆ ಹಾಕುವ ಲೋಹದ ಕ್ಲಿಪ್ಪುಗಳ ಒಳಮೈಗೆ ರಬ್ಬರು ಹೊದಿಸುವುದರಲ್ಲಿ ಆ ಕಂದು ಕಾಗದದ ಪಾಠವೂ ಇದೆ. ಕೇಬಲ್ಲಿನ ಮೈ ಸವೆಯುವುದಿಲ್ಲ, ಲೋಹ ಲೋಹಕ್ಕೆ ತಾಗುವುದಿಲ್ಲ. ಆದರೆ ರಬ್ಬರು ಒಡೆದು ನೀರು ಹಿಡಿದಿಟ್ಟುಕೊಳ್ಳತೊಡಗಿದರೆ ಅದೇ ಶತ್ರು, ಆಗ ಬದಲಿಸಬೇಕು.

ಸ್ಟೇನ್‌ಲೆಸ್ಸಿನ ಇನ್ನೊಂದು ದುರ್ಗುಣ ಕಣ್ಣಿಗೆ ಕಾಣುವುದಿಲ್ಲ. ಎಳೆತದಲ್ಲಿರುವ 304, 316 ಉಕ್ಕು ಬಿಸಿಯನ್ನೂ ಕ್ಲೋರೈಡನ್ನೂ ಒಟ್ಟಿಗೆ ಕಂಡರೆ ತುಕ್ಕು ತೋರಿಸದೆಯೇ ಸೀಳು ಬಿಡಬಹುದು. ಸಾಮಾನ್ಯವಾಗಿ 60 ಡಿಗ್ರಿ ದಾಟಿದ ಮೇಲೆ ಈ ಭಯ ಹೆಚ್ಚು. ಈಜುಕೊಳದ ಮಾಡಿನಂಥ ಕಡೆ ಅದಕ್ಕಿಂತ ಕಡಿಮೆ ಬಿಸಿಯಲ್ಲೂ ಆದದ್ದುಂಟು. ಸ್ವಿಟ್ಜರ್ಲೆಂಡಿನ ಊಸ್ಟರ್ ಊರಿನಲ್ಲಿ 1985ರ ಮೇ ತಿಂಗಳಲ್ಲಿ ಒಳಾಂಗಣ ಈಜುಕೊಳದ ಕಾಂಕ್ರೀಟ್ ಒಳಮಾಡು ಕುಸಿದು 12 ಮಂದಿ ಸತ್ತರು. ಮಾಡನ್ನು ತೂಗಿ ಹಿಡಿದಿದ್ದ ಸ್ಟೇನ್‌ಲೆಸ್ ಸರಳುಗಳು ಕೊಳದ ಕ್ಲೋರಿನ್ ಗಾಳಿಗೆ ಒಳಗೊಳಗೇ ಬಿರಿದಿದ್ದವು. ಬಿಗಿದ ಕ್ಲಿಪ್ಪು ಎಂದೂ ಎಳೆತದಲ್ಲೇ ಇರುತ್ತದೆ. ಎಂಜಿನ್ನಿನ ಬಿಸಿಯ ಪಕ್ಕದಲ್ಲಿ, ಉಪ್ಪುಗಾಳಿಯಲ್ಲಿ ಹಾಕಿದ ಕ್ಲಿಪ್ಪನ್ನು ಹೊಳೆಯುತ್ತಿದೆ ಎಂಬ ಒಂದೇ ಕಾರಣಕ್ಕೆ ನಂಬಬಾರದು.

ಲೋಹದ ಗೊಡವೆಯೇ ಬೇಡ ಎಂದು ಪ್ಲಾಸ್ಟಿಕ್ ಹಾಕಿದರೆ? ಕೇಬಲ್ಲಿನ ಮಟ್ಟಿಗೆ ಇದು ಹಲವು ಕಡೆ ಸರಿಯಾದ ಉತ್ತರ. ಪ್ಲಾಸ್ಟಿಕ್ಕಿಗೆ ಉಪ್ಪಿನ ಹೆದರಿಕೆ ಇಲ್ಲ. ಅದರ ಹಗೆ ಬಿಸಿಲು. ಬಿಳಿ ನೈಲಾನ್ ಟೈ ನಮ್ಮ ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಕೈಯಲ್ಲಿ ಪುಡಿಯಾಗುತ್ತದೆ. ಇಂಗಾಲದ ಕಪ್ಪು ಬೆರೆಸಿದ, ಬಿಸಿಲಿಗೆಂದೇ ಮಾಡಿದ ಕಪ್ಪು ಟೈ ಅದಕ್ಕಿಂತ ಬಹಳ ಕಾಲ ಬಾಳುತ್ತದೆ. ನೈಲಾನಿಗೆ ಇನ್ನೊಂದು ಹೆದರಿಕೆ ಆಮ್ಲ. ಗಂಧಕ ಸೇರಿದ ಖನಿಜದ ಹುಡಿಗೆ ನೀರು, ಗಾಳಿ ತಾಗಿದರೆ ಆಮ್ಲ ಹುಟ್ಟುತ್ತದೆ. ಗಣಿಗಾರಿಕೆ ನಡೆದ ಜಾಗಗಳಲ್ಲಿ ಇದು ಜಗತ್ತಿನಾದ್ಯಂತ ಇರುವ ಪಾಡು. ಅಂಥ ಹುಳಿ ನೀರು ಹರಿಯುವ ಕಡೆ ನೈಲಾನಿಗಿಂತ ಪಾಲಿಪ್ರೊಪಿಲೀನ್ ಲೇಸು. ಗಣಿಯ ತ್ಯಾಜ್ಯ ಸುರಿದ ಸೈನೈಡ್ ದಿಬ್ಬಗಳ ಬಿಳಿ ಧೂಳು ಗಾಳಿಗಾಲದಲ್ಲಿ ಮನೆಯೊಳಗೆ ನುಗ್ಗುವ ಕೆಜಿಎಫ್‌ನಲ್ಲಿ ಹೊರಗೋಡೆಯ ಕ್ಲಿಪ್ಪುಗಳ ಮೇಲೂ ಆ ಧೂಳು ಕೂರುತ್ತದೆ. ವರ್ಷಕ್ಕೆರಡು ಸಲ ನೀರಿನಲ್ಲಿ ತೊಳೆದರೆ ಆಯಸ್ಸು ಕೂಡುತ್ತದೆ.

ಪ್ಲಾಸ್ಟಿಕ್ಕಿಗೆ ಬೆಂಕಿಯಲ್ಲಿ ಮಾತ್ರ ಭರವಸೆ ಇಲ್ಲ. ಅದು ಕರಗಿದರೆ ಕೇಬಲ್ಲು ಜೋತುಬಿದ್ದು ಓಡುವವರ ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ. ಹಡಗುಗಳಲ್ಲಿ ಪ್ಲಾಸ್ಟಿಕ್ ಟೈಗಳ ನಡುನಡುವೆ ಲೋಹದ ಕ್ಲಿಪ್ಪನ್ನು ಕಡ್ಡಾಯ ಮಾಡಿರುವುದು ಅದಕ್ಕೇ. ಕಲ್ಯಾಣಮಂಟಪ, ಶಾಲೆ, ಆಸ್ಪತ್ರೆಗಳ ಓಡುದಾರಿಯ ಮೇಲೆ ವೈರಿಂಗ್ ಮಾಡಿಸುವವರೂ ಈ ಮಾತನ್ನು ಎಲೆಕ್ಟ್ರಿಷಿಯನ್ನಿಗೆ ನೆನಪಿಸಬೇಕು.

ಬೋರಿನೊಳಗೆ ಇಳಿಯುವ ಕೇಬಲ್ಲು ನಮ್ಮ ಸೀಮೆಯ ನಿಜವಾದ ಶಾಫ್ಟ್ ಕೇಬಲ್ಲು. ಸಾವಿರ ಅಡಿ ಪೈಪಿಗೆ ಅಂಟಿಸಿ ಇಳಿಬಿಡುವ ಆ ಚಪ್ಪಟೆ ವೈರನ್ನು ಹಳೆಯ ಟ್ಯೂಬಿನ ತುಂಡು, ಟೇಪು, ಸಿಕ್ಕಿದ ಟೈ, ಯಾವುದರಿಂದಲೋ ಕಟ್ಟುತ್ತಾರೆ. ಕಟ್ಟು ಸಡಿಲವಾದರೆ ವೈರು ಜೋತು, ಮೋಟರು ಶುರುವಾದಾಗಲೆಲ್ಲ ಕೇಸಿಂಗಿಗೆ ಉಜ್ಜಿ, ಕೊನೆಗೆ ಮೋಟರು ಸುಡುತ್ತದೆ. ನೀರಿನ ಮಟ್ಟ ದಿನಾ ಏರಿಳಿಯುವ ಪಟ್ಟಿಯೇ ಇಲ್ಲಿಯ ಅಲೆ ಬಡಿಯುವ ಜಾಗ. ಅಲ್ಲಿ ಸತು ಲೇಪಿಸಿದ ತಂತಿಯಲ್ಲಿ ಕಟ್ಟುವುದು ದಂಡ. ಮೋಟರು ಮೇಲೆತ್ತಿಸುವ ಖರ್ಚಿನ ಮುಂದೆ ಒಳ್ಳೆಯ ಕಪ್ಪು ಟೈಗಳ ಒಂದು ಕಟ್ಟು ಲೆಕ್ಕಕ್ಕೇ ಇಲ್ಲ.

ಇನ್ನು ಅಂಗಡಿಯಲ್ಲಿ ಪರೀಕ್ಷೆ. ಜೇಬಿನಲ್ಲಿ ಚಿಕ್ಕ ಅಯಸ್ಕಾಂತ ಇಟ್ಟುಕೊಳ್ಳಿ. ಪಟ್ಟಿಗಲ್ಲ, ಸ್ಕ್ರೂವಿಗೆ ತಾಗಿಸಿ. ಜೋರಾಗಿ ಕಚ್ಚಿಕೊಂಡರೆ ಅದು ಸಾದಾ ಉಕ್ಕು ಅಥವಾ ಅಗ್ಗದ ಜಾತಿ. ಕೊಂಚ ಎಳೆದರೆ ಗಾಬರಿ ಬೇಡ. ಬಗ್ಗಿಸಿ, ಎಳೆದು ಮಾಡಿದ 304ರಲ್ಲೂ ಸ್ವಲ್ಪ ಸೆಳೆತ ಬರುತ್ತದೆ. ಅಯಸ್ಕಾಂತಕ್ಕೂ ಮಿತಿ ಇದೆ. ನಿಕಲ್ಲಿನ ಬದಲು ಮ್ಯಾಂಗನೀಸ್ ತುಂಬಿದ 200 ಸಾಲಿನ ಸ್ಟೇನ್‌ಲೆಸ್ ನಮ್ಮ ದೇಶದ ಪೇಟೆಯಲ್ಲಿ ಧಾರಾಳವಾಗಿದೆ. ಅದನ್ನೂ ಅಯಸ್ಕಾಂತ ಸೆಳೆಯುವುದಿಲ್ಲ, ತುಕ್ಕು ಮಾತ್ರ ಬೇಗ ಬರುತ್ತದೆ. 304 ಯಾವುದು, 316 ಯಾವುದು ಎಂದೂ ಅಯಸ್ಕಾಂತ ಹೇಳಲಾರದು. ಪಟ್ಟಿಯ ಮೇಲೆ ಒತ್ತಿದ ಗುರುತು, ಬಿಲ್ಲಿನ ಮೇಲೆ ಬರೆದ ದರ್ಜೆ, ಇವೇ ಆಧಾರ. ಗುರುತಿಲ್ಲದ ಕ್ಲಿಪ್ಪಿಗೆ ಮೆರೈನ್ ಬೆಲೆ ಕೊಡಬೇಡಿ.

ಹಾಕುವಾಗ: ಮೆದು ಹೋಸಿಗೆ ತೂತಿನ ಪಟ್ಟಿಗಿಂತ ಒಳಮೈ ನುಣುಪಾದ ಪಟ್ಟಿ ಒಳ್ಳೆಯದು, ರಬ್ಬರನ್ನು ಕೊಯ್ಯುವುದಿಲ್ಲ. ಸೋರುತ್ತಿದೆ ಎಂದು ಮತ್ತೆ ಮತ್ತೆ ಬಿಗಿಯುವ ಬದಲು ಸರಿಯಾದ ಅಳತೆಯದನ್ನು ತನ್ನಿ. ದೋಣಿಯಲ್ಲಿ ನೀರಿನ ಮಟ್ಟಕ್ಕಿಂತ ಕೆಳಗಿರುವ ಹೋಸುಗಳಿಗೆ ಎರಡೆರಡು ಕ್ಲಿಪ್ಪು ಹಾಕುವುದು ರೂಢಿ, ಒಂದು ಬಿಟ್ಟರೂ ದೋಣಿ ಮುಳುಗದಿರಲೆಂದು. ಕೇಬಲ್ಲು ಪೆಟ್ಟಿಗೆಯೊಳಗೆ ಹೋಗುವ ಮುಂಚೆ ಅದನ್ನು ಕೊಂಚ ಕೆಳಗೆ ಬಾಗಿಸಿ ಕ್ಲಿಪ್ ಮಾಡಿದರೆ ನೀರು ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಒಂದು ಎಚ್ಚರಿಕೆ: ಈ ಕ್ಲಿಪ್ಪುಗಳು ನೀರು, ರೇಡಿಯೇಟರಿನಂಥ ಕಡಿಮೆ ಒತ್ತಡದ ಹೋಸುಗಳಿಗೆ ಮಾತ್ರ. ಕೆಜಿಎಫ್‌ನ ಬಿಇಎಂಎಲ್‌ನಲ್ಲಿ ಬುಲ್ಡೋಜರ್ ಕಟ್ಟಿದ ಯಾರನ್ನಾದರೂ ಕೇಳಿ, ಹೈಡ್ರಾಲಿಕ್ ಹೋಸಿಗೆ ಜುಬಿಲಿ ಕ್ಲಿಪ್ ಬಿಗಿಯುತ್ತೇನೆ ಎಂದರೆ ಕೈಹಿಡಿದು ತಡೆಯುತ್ತಾರೆ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ನೀರನ್ನು ಮೇಲಕ್ಕೆತ್ತುವ ಪಂಪುಗಳು ನಿಂತ ಮೇಲೆ ಶಾಫ್ಟುಗಳಲ್ಲಿ ನೀರು ತುಂಬಿತು. ಒಂದು ಕಾಲದಲ್ಲಿ ಕೇಬಲ್ಲುಗಳನ್ನು ಕಚ್ಚಿ ಹಿಡಿದಿದ್ದ ಹಿಡಿತಗಳಲ್ಲಿ ಉಳಿದವು ಈಗ ಆ ನೀರಿನಡಿ ಇವೆ. ಅವನ್ನು ಯಾರೂ ಬದಲಿಸಲಾರರು. ನಮ್ಮ ತೋಟದ, ಛಾವಣಿಯ, ಬೋರಿನ ಬಾಯಿಯ ಕ್ಲಿಪ್ಪುಗಳನ್ನು ನಾವು ಬದಲಿಸಬಹುದು.

ಹಾಗಾದರೆ ಗೌಡರು ಯಾವುದನ್ನು ಕೊಳ್ಳಬೇಕಿತ್ತು? ಅಷ್ಟು ದುಡ್ಡು ಕೊಟ್ಟು ಮೆರೈನ್ ಗ್ರೇಡ್ ಬೇಕೇ ಬೇಕು ಎಂದೇನಿಲ್ಲ. ನೀರಿನ ಕ್ಲೋರೈಡ್ 200ರೊಳಗಿದ್ದರೆ, ಸ್ಕ್ರೂ ಸಮೇತ ಪೂರ್ತಿ 304 ಆಗಿರುವ ಡಬ್ಲ್ಯೂ-4 ಸಾಕು. ಅದಕ್ಕಿಂತ ಹೆಚ್ಚಿದ್ದರೆ, ಅಥವಾ ಕ್ಲಿಪ್ಪಿನ ಸುತ್ತ ಚಕ್ಕೆ ಕಟ್ಟುತ್ತಿದ್ದರೆ, ಸಮುದ್ರದ ಕ್ಲಿಪ್ಪೇ ಸರಿ. ಅರ್ಧ ಸ್ಟೇನ್‌ಲೆಸ್ಸಿನ ಡಬ್ಲ್ಯೂ-2 ಮಾತ್ರ ಯಾವ ಲೆಕ್ಕದಲ್ಲೂ ಬೇಡ. ಮುಂದಿನ ಸಲ ಬೋರಿನ ನೀರನ್ನು ಪರೀಕ್ಷೆಗೆ ಕೊಟ್ಟಾಗ ಫ್ಲೋರೈಡಿನ ಸಾಲು ಓದಿ ಹಾಳೆ ಮಡಿಚಬೇಡಿ. ಕ್ಲೋರೈಡಿನ ಸಾಲನ್ನೂ ಓದಿ, ಆ ಅಂಕಿಯನ್ನು ಪಂಪ್‌ಹೌಸಿನ ಗೋಡೆಯ ಮೇಲೆ ಬರೆದಿಡಿ.